ಬ್ರೇಕಿನ ವಿರೂಪಾಕ್ಷಪ್ಪ

ವಿರೂಪಾಕ್ಷಪ್ಪನವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಲೈಸೆನ್ಸ್ ಇರಲಿಲ್ಲ, ಬೇಕೆಂದೂ ಅವರಿಗೆ ಅನ್ನಿಸಿರಲಿಲ್ಲ. ಆದರೆ ಯಾವ ಕಾರಿನ ಬ್ರೇಕು ಯಾವ ಕಾರಿಗೆ ಕೂರುತ್ತದೆ ಎಂಬುದು ನಾವಾಗ ಇದ್ದ ತೆಲುಗು ಸೀಮೆಯ ಗಾಜುವಾಕದಲ್ಲಿ ಅವರಷ್ಟು ಯಾರಿಗೂ ಗೊತ್ತಿರಲಿಲ್ಲ. ದಾವಣಗೆರೆ ಕಡೆಯವರು, ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ನಮ್ಮ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದರು. ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಸ್ಸು ಹತ್ತಿ ಅಪ್ಪಲರಾಜುವಿನ ಗ್ಯಾರೇಜಿಗೆ ಹೋಗಿ, ಸ್ಟೂಲಿನ ಮೇಲೆ ಕುಳಿತು ಕೇಳದವರಿಗೂ ಸಲಹೆ ಕೊಡುತ್ತಿದ್ದರು.

ನಾನೂ ಕೇಳಿರಲಿಲ್ಲ. ನಾನು ಕೆಲಸ ಮಾಡುವ ಪತ್ರಿಕೆ ನನ್ನನ್ನು ವಿಜಯವಾಡಕ್ಕೆ ಹಾಕಿತ್ತು. ಮೂರು ವಾರದಲ್ಲಿ ಅಲ್ಲಿನ ಪಟಮಟದ ಬಾಡಿಗೆ ಮನೆ ಸೇರಬೇಕಿತ್ತು. ಅದೇ ಹೊತ್ತಿಗೆ ಹೆದ್ದಾರಿಯ ಟೋಲ್ ಗೇಟಿನಲ್ಲಿ ನಮ್ಮ ಹಳೆಯ ಕಾರು, ಬ್ರೇಕು ತುಳಿದ ಮೇಲೂ ಜಾರಿಕೊಂಡು ಹೋಗಿ, ಮುಂದಿನ ಲಾರಿಗೆ ಒಂದು ಗೇಣು ಉಳಿಸಿ ನಿಂತಿತು. ಹಿಂದಿನ ಸೀಟಿನಲ್ಲಿ ಮಗಳಿದ್ದಳು. ನನ್ನ ಹೆಂಡತಿ ಸರಿತಾ ಜಗಳವಾಡಲಿಲ್ಲ. "ಇದು ನಿಲ್ಲೋದನ್ನ ನಾನು ಕಣ್ಣಾರೆ ನೋಡ್ಬೇಕು. ಅಲ್ಲೀವರೆಗೂ ಮಗು ಇದರಲ್ಲಿ ಕೂರಲ್ಲ" ಎಂದಳು. ಆ ಮಾತು ಮೇಲಿನ ಮನೆಗೂ ಕೇಳಿಸಿತು.

ವಿರೂಪಾಕ್ಷಪ್ಪನವರು ಇಳಿದು ಬಂದು ಚಕ್ರದ ಸಂದಿಯಲ್ಲಿ ಇಣುಕಿದರು. "ಪೇಪರ್‌ನೋರೇ, ಇದು ಡಿಸ್ಕ್ ಅಲ್ರೀ, ಚಾ ಕುಡಿಯೋ ಬಸಿ. ಇದೇ ಕಂಪನಿದು ದೊಡ್ಡ ಗಾಡಿ ಐತಲ್ಲ, ಅದರದ್ದು ಹಾಕ್ಸಿ. ಒಂದು ಭಾನುವಾರದ ಕೆಲಸ."

ಒಂದು ಭಾನುವಾರ ಮೂರಾಯಿತು. ಚಕ್ರದ ಜೊತೆ ತಿರುಗುವ ದೊಡ್ಡ ಡಿಸ್ಕು ಬಂತು. ಅದನ್ನು ಇಕ್ಕಳದಂತೆ ಹಿಡಿದು ನಿಲ್ಲಿಸುವ ಕ್ಯಾಲಿಪರ್ ಸಾಲಲಿಲ್ಲ. ಯಾವುದೋ ವ್ಯಾನಿನ ಜೋಡಿ ಕ್ಯಾಲಿಪರ್ ತರಿಸಿದರು. ಅದು ಕೂತ ಮೇಲೆ ನಮ್ಮ ಚಕ್ರ ಒಳಗೆ ತಾಗತೊಡಗಿತು. ಇನ್ನೊಂದು ಮಾದರಿಯ, ಒಂದಿಂಚು ದೊಡ್ಡ ಚಕ್ರಗಳು ಬಂದವು. ಪ್ರತಿ ಸಲವೂ ಅವರು "ಅದು ಆಗ್ಲೇಬೇಕಲ್ರೀ" ಎನ್ನುತ್ತಿದ್ದರು. ಗೊತ್ತಿದ್ದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮೊದ್ಲೇ ಹೇಳಿದ್ರೆ ನೀವು ಬಿಚ್ಚಾಕೆ ಬಿಡ್ತಿದ್ರಾ?"

ಇದಕ್ಕಿಂತಲೂ ತಲೆಚಿಟ್ಟು ಹಿಡಿಸಿದ್ದು ಅವರ ಕಾಗದ. ಗೆರೆ ಎಳೆದ ಹಾಳೆಯಲ್ಲಿ ಕೆಲಸಗಳನ್ನು ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ "ಮಾಡಿದವರು", "ನೋಡಿದವರು" ಎಂದು ಎರಡು ಕಲಂ ಹಾಕಿದ್ದರು. "ಅಪ್ಪಲರಾಜು ಮಾಡ್ತಾನೆ, ನೀವು ನೋಡಿ ಸಹಿ ಹಾಕ್ರಿ. ನಮ್ ಬ್ಯಾಂಕ್ನಾಗೆ ಮ್ಯಾನೇಜರಾದ್ರೂ ತಾನ್ ಬರ್ದಿದ್ದು ತಾನೇ ಪಾಸ್ ಮಾಡಂಗಿಲ್ಲ."

"ನನಗೆ ಇದರ ಗಂಧಗಾಳಿ ಗೊತ್ತಿಲ್ಲ ಸಾರ್."

"ಗೊತ್ತಿಲ್ದೋರೇ ಸರಿಯಾಗಿ ನೋಡೋದು."

ಎರಡನೆಯ ಭಾನುವಾರ ಕಚೇರಿಯಿಂದ ಫೋನ್ ಮೇಲೆ ಫೋನ್ ಬರುತ್ತಿತ್ತು. ಮಾತಾಡುತ್ತಲೇ ಅಷ್ಟೂ ಸಾಲಿಗೆ ಸಹಿ ಗೀಚಿದೆ.

ಆಮೇಲೆ ಬ್ರೇಕು ತುಳಿದರೆ ಹತ್ತಿ ತುಳಿದಂತಾಗುತ್ತಿತ್ತು. ಬ್ರೇಕ್ ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿದೆ, ತೆಗೆಯಬೇಕು ಎಂದರು ವಿರೂಪಾಕ್ಷಪ್ಪನವರು. ಗ್ಯಾರೇಜಿನವರು ವಾರವಿಡೀ ತೆಗೆದರು. ಎಣ್ಣೆಯ ಬಾಟಲಿಗಳು ಖಾಲಿಯಾದವು. "ಎಂತ ಕೊಟ್ಟಿನಾ ಗಾಲಿ ಪೋವಟ್ಲೇದು ಸಾರ್" ಎಂದು ಅಪ್ಪಲರಾಜು ಕೈಚೆಲ್ಲಿದ. ಎಷ್ಟು ಒತ್ತಿದರೂ ಗಾಳಿ ಹೋಗುತ್ತಿಲ್ಲ! ಮೂರನೆಯ ಭಾನುವಾರ ಬಂತು, ಮಾರನೆಯ ಬೆಳಿಗ್ಗೆ ನಾವು ಹೊರಡಬೇಕಿತ್ತು. ಸರಿತಾ ರೈಲಿನ ಟಿಕೆಟ್ ಹುಡುಕತೊಡಗಿದ್ದಳು. ನನ್ನ ತಾಳ್ಮೆ ಮುಗಿಯಿತು.

"ಓಡಿಸೋಕೇ ಬರದವರು ಸುಮ್ಮನೆ ಇರಬೇಕು ಸಾರ್" ಎಂದುಬಿಟ್ಟೆ.

ಅವರು ಅಂಗಿ ಕಳಚಿ ಮಡಿಸಿ ಸ್ಟೂಲಿನ ಮೇಲಿಟ್ಟು, ಗೋಣಿ ಹಾಸಿ ಕಾರಿನ ಕೆಳಗೆ ನುಸುಳಿದರು. ಹೊರಬಂದವರು ಹಾಳೆಯನ್ನು ನನ್ನ ಕೈಗಿತ್ತರು. "ಹನ್ನೊಂದನೇ ಸಾಲು ಓದ್ರಿ."

"ಗಾಳಿ ಬಿಡುವ ತಿರುಪು ಮೇಲ್ಮುಖವಾಗಿದೆಯೇ?" ಎಂದಿತ್ತು. ಎಡಗಡೆಯ ಕ್ಯಾಲಿಪರ್ ಬಲಕ್ಕೂ ಬಲದ್ದು ಎಡಕ್ಕೂ ಕೂತು, ಆ ತಿರುಪು ಎರಡೂ ಕಡೆ ಕೆಳಗೆ ನೋಡುತ್ತಿತ್ತು. ಗಾಳಿ ಮೇಲೇ ಉಳಿದಿತ್ತು.

"ಸಹಿ ಯಾರದ್ರೀ?"

"ನಂದು."

"ಪೇಪರ್‌ನೋರು, ಓದೇ ಹಾಕಿರ್ತಾರೆ ಅಂತ ನಾನೂ ಮತ್ತೆ ನೋಡ್ಲಿಲ್ಲ."

ಓದದೆ ಪುಟವನ್ನು ಅಚ್ಚಿಗೆ ಬಿಟ್ಟವರನ್ನು ವರ್ಷಗಟ್ಟಲೆ ಬೈದವನು ನಾನು. ಅಪ್ಪಲರಾಜು ಎರಡನ್ನೂ ಅದಲುಬದಲು ಮಾಡಿದ. ಸ್ವಲ್ಪ ಹೊತ್ತಿನಲ್ಲೇ ಪೆಡಲು ಗಟ್ಟಿಯಾಯಿತು.

ಮರುದಿನ ಬೆಳಿಗ್ಗೆ ಅವರು ಕೀಲಿಯನ್ನು ನನಗೆ ಕೊಡದೆ ಸರಿತಾಳಿಗೆ ಕೊಟ್ಟರು. "ನೀ ತುಳಿದು ನೋಡವ್ವ. ಈ ಯಪ್ಪ ನೋಡಿದ್ದು ಲೆಕ್ಕಕ್ಕಿಲ್ಲ." ಅವಳು ಮನೆಯ ಹಿಂದಿನ ಬಯಲಿನಲ್ಲಿ ಮೂರು ಸಲ ಜೋರಾಗಿ ಬಂದು ಮೂರು ಸಲ ತುಳಿದಳು. ಮೂರು ಸಲವೂ ಕಾರು ನಿಂತಿತು. ಇಳಿದು, ಒಳಗೆ ಹೋಗಿ ಮಗಳನ್ನು ಎತ್ತಿಕೊಂಡು ಬಂದಳು.

ವಿರೂಪಾಕ್ಷಪ್ಪನವರು ಮರುವರ್ಷ ನಿವೃತ್ತರಾಗಿ ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ಅವರ ಬ್ಯಾಂಕಿನವರಿಂದ ತಿಳಿಯಿತು. ನಾನು ಕೊನೆಯದಾಗಿ ಅವರನ್ನು ಕಂಡದ್ದು ಆ ಬೆಳಿಗ್ಗೆ, ತಿರುವಿನಲ್ಲಿ, ಹಿಂಬದಿ ಕನ್ನಡಿಯೊಳಗೆ. ಅವರು ಕೈ ಬೀಸುತ್ತಿರಲಿಲ್ಲ. ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ಕಾರು ನಿಂತಿದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಎಣ್ಣೆ ಏನಾದರೂ ತೊಟ್ಟಿಕ್ಕಿದೆಯೇ ಎಂದು ನೆಲವನ್ನು ಅಂಗೈಯಲ್ಲಿ ಸವರುತ್ತಿದ್ದರು.