ಮಹಡಿಯ ನಂಬರು ಕೆಳಗೆ ಬಂದ ದಿನ

ವಿದ್ಯಾನಗರದ ಆ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಹಗಲು ಕಾಲೇಜಿನಲ್ಲಿ ಪಾಠ, ಸಂಜೆ ಎರಡು ಕಂಪ್ಯೂಟರ್ ಇಟ್ಟುಕೊಂಡು ಮನೆಯಲ್ಲೇ ಟ್ಯೂಷನ್. ಕೆಳಗೆ ಮನೆಯ ಯಜಮಾನರು. ಹರಿಹರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು, ಮುಂದಿನ ಕೋಣೆಯಲ್ಲಿ ಮೂರು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟು ಟೈಪಿಂಗ್ ಕೆಲಸ ನಡೆಸುತ್ತಿದ್ದರು. ಟೈಪ್ ಮಾಡಲು ಆವರಗೆರೆಯಿಂದ ಒಬ್ಬಾಕೆ ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ; ಮನೆಯೊಳಗೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದ್ದನ್ನು ಜನ ಬಂದು ನೋಡಿ ಹೋಗುತ್ತಿದ್ದರು.

ಜೋಡಿಸಿದವನು ನಾನೇ. ಮೇಲಿನದೊಂದು ಗುಂಪು, ಕೆಳಗಿನದೊಂದು ಗುಂಪು, ನಡುವೆ ಮೆಟ್ಟಿಲ ಕೆಳಗೆ, ಒಂದರಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸುವ ರೂಟರ್ ಆಗಿ ಒಂದು ಹಳೆಯ ಕಂಪ್ಯೂಟರ್. ಪ್ರತಿ ಯಂತ್ರಕ್ಕೂ ಒಂದು ನಂಬರಿನ ವಿಳಾಸ ಬೇಕು. ಚಾಲೂ ಆದೊಡನೆ ಅದು ವಿಳಾಸ ಕೊಡಿ ಎಂದು ತನ್ನ ಗುಂಪಿಗೆಲ್ಲ ಕೂಗು ಹಾಕುತ್ತದೆ. ಮೊದಲು ಓಗೊಟ್ಟವರು ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ. ಆ ಕೂಗು ರೂಟರ್ ದಾಟುವುದಿಲ್ಲ. ಅದನ್ನು ಆಚೆ ಮುಟ್ಟಿಸುವ ಏರ್ಪಾಡು ಇತ್ತು, ನನಗೆ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಿಕೊಳ್ಳದೆ, ಕೆಳಗೆ ಯಜಮಾನರ ಕಂಪ್ಯೂಟರಿನಲ್ಲೊಂದು, ಮೇಲೆ ನನ್ನದರಲ್ಲೊಂದು, ಎರಡು ಕಡೆ ವಿಳಾಸ ಹಂಚುವ ಪ್ರೋಗ್ರಾಂ ಹಾಕಿದೆ. ಕೆಳಗಿನ ನಂಬರಿನಲ್ಲಿ ಮೂರನೆಯ ಭಾಗ ಒಂದು, ಮೇಲಿನದರಲ್ಲಿ ಎರಡು. ಅದನ್ನು ತೆರೆದು ನೋಡುವುದು ಹೇಗೆಂದು ಟೈಪ್ ಮಾಡುವ ಆಕೆಗೂ ಕಲಿಸಿದ್ದೆ. ಎರಡು ಸಲ ಕೇಳಿ ಬರೆದುಕೊಂಡಿದ್ದರು.

ನನಗೆ ಪಾಠವಿಲ್ಲದ ಒಂದು ಶನಿವಾರ ಬೆಳಿಗ್ಗೆ ದೊಡ್ಡ ಫೈಲುಗಳನ್ನು ಕೆಳಗಿನಿಂದ ತರಬೇಕಿತ್ತು. ರೂಟರ್ ನಿಧಾನ. ಅದರಿಂದ ಕೇಬಲ್ ಕಿತ್ತು, ಮಹಡಿಯ ಗುಂಪನ್ನು ನೇರ ಕೆಳಗಿನ ಗುಂಪಿಗೇ ಸೇರಿಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ಕರೆಂಟು ಹೋಗಿ ಬಂತು. ನನ್ನ ಕಂಪ್ಯೂಟರಿಗೆ ಬ್ಯಾಟರಿಯಿತ್ತು, ಅದು ಆರಲಿಲ್ಲ. ಕೆಳಗಿನವು ಎದ್ದು ವಿಳಾಸ ಕೇಳಿದಾಗ ಯಜಮಾನರ ಕಂಪ್ಯೂಟರಿಗಿಂತ ಮೊದಲು ಓಗೊಟ್ಟದ್ದು ನನ್ನದೇ. ಮಹಡಿಯ ನಂಬರು ಹೊತ್ತ ಯಂತ್ರಗಳಿಗೆ, ಪಕ್ಕದಲ್ಲೇ ಇದ್ದರೂ ಕೆಳಗಿನ ನಂಬರಿನಲ್ಲೇ ಉಳಿದಿದ್ದ ಪ್ರಿಂಟರ್ ಸಿಗದಾಯಿತು.

ಗದ್ದಲ ಕೇಳಿ ಇಳಿದೆ. ಮಧ್ಯಾಹ್ನದೊಳಗೆ ಪ್ರಾಜೆಕ್ಟ್ ವರದಿ ಒಪ್ಪಿಸಬೇಕಿದ್ದ ಹಾಸ್ಟೆಲ್ ವಿದ್ಯಾರ್ಥಿನಿ ಅಳುತ್ತಿದ್ದಳು. ಟೈಪ್ ಮಾಡುವಾಕೆ ನಾನು ಕಲಿಸಿದಂತೆ ಸ್ಕ್ರೀನಿನ ಮೇಲೆ ನಂಬರಿನ ಕಿಟಕಿ ತೆರೆದು ನೋಡುತ್ತಿದ್ದರು. ಯಜಮಾನರ ಕಣ್ಣಿಗೆ ಬಿದ್ದದ್ದು ಆ ಕಿಟಕಿಯೇ.

"ಸೆಟ್ಟಿಂಗಿಗೆ ಕೈ ಹಚ್ಚಬ್ಯಾಡ ಅಂತ ಎಷ್ಟು ಸಲ ಹೇಳೀನಿ?"

"ನಾ ಏನೂ ಬದಲು ಮಾಡಿಲ್ರಿ," ಎಂದು ಆಕೆ ನನ್ನ ಕಡೆ ನೋಡಿದರು.

ಆ ಹೊತ್ತಿಗೆ ನನಗೆ ಹೊಳೆದಿತ್ತು. ಏನೋ ನೋಡುತ್ತೇನೆ ಎಂದು ಗೊಣಗಿ, ಮೆಟ್ಟಿಲ ಕೆಳಗೆ ಬಗ್ಗಿ, ಕೇಬಲನ್ನು ಮೊದಲಿನಂತೆ ರೂಟರಿಗೆ ಹಾಕಿದೆ. ಮತ್ತೆ ಚಾಲೂ ಮಾಡಿಸಿದೆ. ಪ್ರಿಂಟರ್ ಓಡಿತು. ಸಾರ್ ಬಂದಿದ್ದಕ್ಕೆ ಸರಿಹೋಯಿತು ಎಂದು ಯಜಮಾನರು ಎಲ್ಲರೆದುರು ಹೇಳಿದರು. ನಾನು ತಲೆಯಾಡಿಸಿದೆ. ಹುಡುಗಿ ವರದಿ ಎತ್ತಿಕೊಂಡು ಓಡಿದಳು. ಆಕೆ ಸಂಜೆಯವರೆಗೆ ಟೈಪ್ ಮಾಡಿ ಹೋದರು. ಸೋಮವಾರ ಬರಲಿಲ್ಲ, ಆಮೇಲೂ ಬರಲಿಲ್ಲ.

ನಾಲ್ಕೈದು ತಿಂಗಳ ಮೇಲೆ ಪರೀಕ್ಷೆಯ ಕೆಲಸಕ್ಕೆ ಹರಿಹರದ ಒಂದು ಕಾಲೇಜಿಗೆ ಹೋಗಿದ್ದೆ. ಅಲ್ಲಿಯ ಆಫೀಸಿನಲ್ಲಿ ಆಕೆ ಕೆಲಸಕ್ಕಿದ್ದರು. ನನಗೆ ಕುರ್ಚಿ ಕೊಟ್ಟು ಚಹಾ ತರಿಸಿದರು. ಕುಡಿಯಲಾಗದೆ, ಆವತ್ತಿನ ತಪ್ಪು ನನ್ನದು ಎಂದೆ.

"ಗೊತ್ತಿತ್ರಿ. ಸ್ಕ್ರೀನ್ ಮ್ಯಾಲ ಎರಡು ಅಂತ ಇತ್ತಲ್ಲ."

ಹಾಗಿದ್ದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಅಲ್ಲೇ ನಿಂತಿದ್ರಲ್ರಿ. ನೀವೇ ಹೇಳ್ತೀರಿ ಅನ್ಕಂಡೆ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಹೇಳಿ ಪಕ್ಕದ ಕಾಗದಗಳನ್ನು ಜೋಡಿಸತೊಡಗಿದರು.

ಅಂದೇ ಯಜಮಾನರಿಗೆ ಎಲ್ಲ ಹೇಳಿದೆ. "ಆವತ್ತೇ ಹೇಳಿದ್ರೆ ನಕ್ಕು ಬಿಡ್ತಿದ್ನಲ್ರಿ," ಎಂದರು. ಭಾನುವಾರ ಇಸ್ತ್ರಿಯ ಅಂಗಿ ತೊಟ್ಟು, ಆವರಗೆರೆಗೆ ಆಕೆಯ ಮನೆ ಹುಡುಕಿಕೊಂಡು ಒಬ್ಬರೇ ಹೋದರು. ನಾನೂ ಬರಲೇ ಎಂದು ಕೇಳಬಹುದಿತ್ತು. ಮಹಡಿಯ ಕಟಕಟೆಗೆ ಒರಗಿ, ಅವರ ಸ್ಕೂಟರು ತಿರುವು ದಾಟುವವರೆಗೆ ನೋಡುತ್ತ ನಿಂತೆ.