ಅಕ್ಕನ ರೈಫಲ್‌ಗೆ ಅಮ್ಮನ ಅಳತೆ

ನಮ್ಮ ಮನೆಯಲ್ಲೊಂದು ಬಂದೂಕಿದೆ ಎಂದರೆ ನೆಂಟರು ಮೊದಲು ಗಾಬರಿಯಾಗುತ್ತಾರೆ, ಆಮೇಲೆ ಅದು ನನ್ನದಲ್ಲ ಎಂದು ತಿಳಿದು ಸಮಾಧಾನಪಡುತ್ತಾರೆ. ಅದು ಅಕ್ಕನದು. ಕಾಗದದ ಗುರಿಗೆ ಮಾತ್ರ ಹೊಡೆಯುವ ಸಾಧು ರೈಫಲ್. ಪೊಲೀಸರು ಬಂದು ಅದನ್ನಿಡುವ ಕಬ್ಬಿಣದ ಬೀರುವನ್ನು ಅಲ್ಲಾಡಿಸಿ ನೋಡಿ, ಅಪ್ಪ ಕೊಟ್ಟ ಕಾಫಿ ಕುಡಿದು, ಅವಳಿಗೆ ಪರವಾನಗಿ ಕೊಟ್ಟಿದ್ದಾರೆ.

ಅಕ್ಕ ಲಂಡನ್ನಿನ ಪಾರ್ಕ್ ರಾಯಲ್‌ನ ಕುರುಕಲು ತಿಂಡಿ ಫ್ಯಾಕ್ಟರಿಯಲ್ಲಿ ಗುಣಮಟ್ಟ ನೋಡುವವಳು. ಮುರಿದ ಚಕ್ಕುಲಿಯನ್ನು ಕರುಣೆಯಿಲ್ಲದೆ ಪಕ್ಕಕ್ಕೆ ಎಸೆಯುವುದಕ್ಕೆ ಅವಳಿಗೆ ಸಂಬಳ. ಭಾನುವಾರ ಶೂಟಿಂಗ್ ಕ್ಲಬ್. ಅಲ್ಲಿನ ಬಂದೂಕುಗಳೆಲ್ಲ ಆರಡಿ ಗಂಡಸರಿಗಾಗಿ ಮಾಡಿದವು. ಅಕ್ಕನ ಎತ್ತರ ನಮ್ಮ ಕುಳ್ಳ ಫ್ರಿಜ್ಜಿನಷ್ಟು. ಚಾಪೆಯ ಮೇಲೆ ಬೋರಲು ಮಲಗಿ, ಬೇಲಿಯಾಚೆ ನೋಡುವ ಕೋಳಿಯ ಹಾಗೆ ಕತ್ತು ಚಾಚಿ ಗುರಿ ಹಿಡಿಯಬೇಕು. ಕೊನೆಯ ಗುಂಡುಗಳ ಹೊತ್ತಿಗೆ ಕತ್ತು ಸೋತು ಗುರಿ ಜಾರುತ್ತಿತ್ತು.

ಕ್ಲಬ್ಬಿನ ಕ್ಯಾಪ್ಟನ್ ನಿಧಾನವಾಗಿ ಕುದಿಯುವ ಕೆಟಲ್ಲಿನಂಥ ಮನುಷ್ಯ. ಒಂದು ದಿನ, "ನಿನಗೆ ಹೊಂದುವ ರೈಫಲ್ ಇದ್ದರೆ, ಮೈ ಡಿಯರ್, ತಂಡದಲ್ಲಿ ಉಳಿದಿರೋ ಒಂದು ಜಾಗ ನಿನ್ನದೇ ಆಗಬಹುದು" ಎಂದರು. ಕಂಡವರ ದನಿಯನ್ನೆಲ್ಲ ಅನುಕರಿಸುವ ಚಟ ನನಗೆ; ಆ 'ಮೈ ಡಿಯರ್' ಅನ್ನು ಅಂದೇ ಕದ್ದೆ. ಅಕ್ಕ ನಗಲಿಲ್ಲ. ಆ ಜಾಗ ಅವಳಿಗೆ ಬೇಕಿತ್ತು.

ಲಂಡನ್ನಿನ ಅಂಚಿನ ಶೆಡ್ಡೊಂದರಲ್ಲಿ ಬಂದೂಕು ಕಟ್ಟಿಕೊಡುವವರಿದ್ದರು. ಅಪ್ಪ, ಅಕ್ಕ, ನಾನು ಹೋದೆವು. ಮೊದಲು ಒಳ್ಳೆಯ ನಳಿಕೆ, ಆಮೇಲೆ ಭುಜಕ್ಕೆ ಆನಿಸಲು ಮೈಗೆ ಸರಿಹೊಂದುವ ಮರದ ಹಿಡಿ, ಅಂದಚಂದ ಕೊನೆಗೆ ಎಂದು ಅವರು ಪಾಠ ಹೇಳಿದರು. ಕುಂದಾಪುರದ ಕಡೆಯ ನಮ್ಮಪ್ಪ ರೇನರ್ಸ್ ಲೇನ್‌ನಲ್ಲಿ ಹೋಟೆಲ್ ನಡೆಸುವವರು. ಪಾಠ ಕೇಳುವ ಅಭ್ಯಾಸವಿಲ್ಲ. ನಳಿಕೆಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ಕಿವಿಗೊಟ್ಟರು.

"ಸ್ಟೀಲ್ ಅಡ್ಡಿಲ್ಲ ಮಾರಾಯ. ತಳ ದಪ್ಪ ಇತ್ತಾ ಕೇಣ್."

"ಡ್ಯಾಡ್, ಇಟ್ಸ್ ನಾಟ್ ಎ ಪಾತ್ರೆ," ಎಂದಳು ಅಕ್ಕ.

ಅಡ್ಡಿಲ್ಲ ಎಂದರೆ ಅಪ್ಪನ ಲೆಕ್ಕದಲ್ಲಿ ಭಾರೀ ಹೊಗಳಿಕೆ. ತಳ ದಪ್ಪಗಿದೆಯೇ ಎಂಬುದನ್ನು ನಾನು ನಗು ತಡೆದು ಅನುವಾದಿಸಿದೆ. ಶೆಡ್ಡಿನವರು ಗಂಭೀರವಾಗಿ, ದಪ್ಪಗಿದ್ದರೆ ಅಲುಗಾಟ ಕಡಿಮೆ, ಒಳ್ಳೆಯ ಪ್ರಶ್ನೆ ಎಂದುಬಿಟ್ಟರು. ಅಪ್ಪ ಹಿಂದಿರುಗುವ ದಾರಿಯುದ್ದಕ್ಕೂ ಟ್ಯೂಬ್ ರೈಲಿನಲ್ಲಿ ಅದನ್ನೇ ಹೇಳಿದರು.

ಅಕ್ಕನ ಆಯ್ಕೆ ಬೇರೆ ರೀತಿ. ನಳಿಕೆಗಳಿಂದ ಪರೀಕ್ಷೆಗೆ ಹೊಡೆದ ಕಾಗದಗಳನ್ನು ತರಿಸಿ, ತೂತುಗಳು ಒಂದರ ಮೇಲೊಂದು ಕೂತಿದ್ದನ್ನೇ ಆರಿಸಿದಳು. ಟ್ರಿಗರ್‌ಗಳನ್ನು ಎಳೆದೆಳೆದು, ಚಕ್ಕುಲಿ ನೋಡುವ ಅದೇ ಮುಖದಿಂದ ವಾಪಸ್ ಕೊಟ್ಟಳು. ಮರ ಮಾತ್ರ ಅಪ್ಪನ ಪಾಲು. ಹಲ್ವದ ಹೊಳಪಿನ ಒಂದು ವಾಲ್‌ನಟ್ ತುಂಡಿಗೆ ಅವರು ಮನಸೋತರು.

ಹಿಡಿಯ ಉದ್ದಕ್ಕೆ ಅಕ್ಕನ ಕೈಯ ಅಳತೆಯನ್ನು ಮನೆಯಿಂದ ಕಳಿಸಬೇಕಿತ್ತು: ಶೂಟಿಂಗ್ ಜಾಕೆಟ್ ಹಾಕಿಕೊಂಡು, ಮೊಣಕೈ ಮಡಿಕೆಯಿಂದ ಬೆರಳಿನವರೆಗೆ. ಮೈಸೂರಿನ ನಮ್ಮಮ್ಮ ನಾವಿರುವ ಕೆಂಟನ್ನಿನ ಹೆಂಗಸರಿಗೆಲ್ಲ ಬ್ಲೌಸ್ ಹೊಲಿಯುವವರು. ಟೇಪು ಅವರ ಕೈಯಲ್ಲಿದ್ದ ಮೇಲೆ ಶೆಡ್ಡಿನವರ ಮಾತು ಯಾರಿಗೆ ಬೇಕು.

"ಕೋಟಿನ ಮೇಲೆ ಯಾರಾದ್ರೂ ಅಳತೆ ತಗೋತಾರಾ? ಮೈ ಮೇಲೆ ತಗೊಂಡು ಎರಡು ಇಂಚು ಮಾರ್ಜಿನ್ ಬಿಡಬೇಕು ಕಣೋ. ನಾಳೆ ದಪ್ಪ ಆದ್ರೆ?"

"ದಪ್ಪ ಆದ್ರೆ ಕೈ ಉದ್ದ ಆಗುತ್ತಾ ಅಮ್ಮ?"

"ನೀನು ಸುಮ್ನಿರು."

ನನ್ನ ಶಾಲೆಯ ಬ್ಲೇಜರ್‌ಗೂ ಬೆಳೆಯೋ ಮಗು ಎಂದು ಮಾರ್ಜಿನ್ ಬಿಟ್ಟಿದ್ದರು. ಅದರ ತೋಳು ಇಂದಿಗೂ ನನ್ನ ಬೆರಳು ಮುಚ್ಚುತ್ತದೆ. ನಾನಿನ್ನೂ ಬೆಳೆಯುವ ಭರವಸೆಯಲ್ಲಿದ್ದೇನೆ. ಅಕ್ಕ ಶಿಫ್ಟ್ ಮುಗಿಸಿ ಬಂದು ಸೋಫಾದಲ್ಲಿ ತೂಕಡಿಸುತ್ತಿದ್ದಳು. ಅವಳ ಕೈ ಎತ್ತಿ ಅಳೆದು, ಎರಡು ಇಂಚು ಸೇರಿಸಿ, ಅಮ್ಮನೇ ಶೆಡ್ಡಿಗೆ ಮೆಸೇಜ್ ಮಾಡಿದರು.

ತಂಡದ ಆಯ್ಕೆಗೆ ಇನ್ನೊಂದು ವಾರವಿರುವಾಗ ರೈಫಲ್ ಬಂತು. ಅಕ್ಕ ದಪ್ಪ ಜಾಕೆಟ್ ತೊಟ್ಟು ಹಾಲ್‌ನ ಕಾರ್ಪೆಟ್ ಮೇಲೆ ಮಲಗಿ ಹಿಡಿದಳು. ಜಾಕೆಟ್ಟಿನ ದಪ್ಪಕ್ಕೆ ಅಮ್ಮನ ಎರಡು ಇಂಚು ಸೇರಿ, ಕತ್ತು ಮತ್ತೆ ಕೋಳಿಯಂತೆ ಮುಂದೆ ಹೋಯಿತು.

"ಇಟ್ಸ್ ದ ಕ್ಲಬ್ ರೈಫಲ್," ಎಂದಳು. "ವಿತ್ ಬೆಟರ್ ವುಡ್."

ಆ ದಿನ ನಾನು ಯಾರನ್ನೂ ಅನುಕರಿಸಲಿಲ್ಲ.

"ಕಟ್ ಮಾಡಿಸ್ಬೇಕು," ಎಂದಳು ಕೊನೆಗೆ, ಕನ್ನಡದಲ್ಲಿ. ಅವಳು ಕನ್ನಡಕ್ಕೆ ಬಂದರೆ ವಿಷಯ ಗಂಭೀರ.

"ಈ ಮರವಾ? ಕಡಿಸುದಾ?" ಅಪ್ಪ ಮಗಳ ಕಾಲನ್ನೇ ಕತ್ತರಿಸಲು ಹೊರಟವರನ್ನು ನೋಡುವಂತೆ ನೋಡಿದರು.

ಅಮ್ಮ ಮಾತ್ರ ಆರಾಮಾಗಿದ್ದರು. "ಮಾರ್ಜಿನ್ ಬಿಡೋದು ಮತ್ಯಾಕೆ? ಜಾಸ್ತಿ ಇದ್ರೆ ಕತ್ತರಿಸ್ಬಹುದು. ಕಡಿಮೆ ಇದ್ದಿದ್ರೆ ಏನು ಅಂಟಿಸ್ತಿದ್ರಿ, ದೋಸೆ ಹಿಟ್ಟಾ?"

ಹೀಗೆ ತಪ್ಪು ಮಾಡಿದವರೇ ದೂರದೃಷ್ಟಿಯುಳ್ಳವರಾದರು. ಶೆಡ್ಡಿನವರು ಗರಗಸ ಎಳೆದರು. ಕೆಳಗೆ ಬಿದ್ದ ತುಂಡನ್ನು ಅಪ್ಪ ಕರವಸ್ತ್ರದಿಂದ ಒರೆಸಿ ಜೇಬಿಗಿಟ್ಟರು. ಈಗ ಅದು ಹೋಟೆಲಿನ ಕೌಂಟರಿನಲ್ಲಿ, ಟೇಕ್‌ಅವೇ ಮೆನುಗಳು ಹಾರದಂತೆ ಕೂತಿದೆ.

ಆ ವಾರವಿಡೀ ನಾನು ಊಟಕ್ಕೆ ಕೂತಾಗಲೆಲ್ಲ ಕ್ಯಾಪ್ಟನ್ ಆದೆ. "ಸೋ ಸಾರಿ, ಮೈ ಡಿಯರ್, ಬೇರೆಯವರಿಗೆ ಕೊಟ್ಟೆವು." ಅಕ್ಕನ ಭಯ ಕಳೆಯಲು ಹೀಗೆ ಮಾಡುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಭಯ ನನಗೂ ಇತ್ತು.

ಭಾನುವಾರ ಕ್ಲಬ್ಬಿನ ಗಾಜಿನ ಹಿಂದೆ ನಿಂತು ನೋಡಿದೆ. ಅಕ್ಕನ ಕೆನ್ನೆ ಮರದ ಮೇಲೆ ದಿಂಬಿನ ಮೇಲಿಟ್ಟಂತೆ ಕೂತಿತ್ತು. ಕೊನೆಯ ಗುಂಡಿನವರೆಗೂ ಕತ್ತು ಚಾಚಲಿಲ್ಲ. ಕ್ಯಾಪ್ಟನ್ ಅವಳ ಕಾಗದವನ್ನು ಬೆಳಕಿಗೆ ಹಿಡಿದು, ತಲೆಯಾಡಿಸಿ, "ಜಾಗ ನಿನ್ನದು, ಮೈ ಡಿಯರ್" ಎಂದರು. ಅಕ್ಕ ರೈಫಲ್ ಒರೆಸುತ್ತಾ, "ಕಾಲ್ ಡ್ಯಾಡ್," ಎಂದಳು.

ಅಪ್ಪ ಫೋನೆತ್ತಿದಾಗ ಸಂತೋಷದಲ್ಲಿ ಬಾಯಿಗೆ ಬಂದದ್ದು ಕ್ಯಾಪ್ಟನ್ನರ ಕೆಟಲ್ ದನಿ. "ಶಿ ಈಸ್ ಇನ್, ಮೈ ಡಿಯರ್."

"ಫೋನ್ ಇಡ್ ಮಾರಾಯ. ಇಲ್ಲಿ ಜನ ಕಾಯ್ತಿದ್ರ್." ಹೋಟೆಲಿನಲ್ಲಿದ್ದ ಅಪ್ಪನಿಗೆ ಇದೂ ನನ್ನ ತಮಾಷೆ.

ಅಮ್ಮನ ದನಿಯಲ್ಲಿ ಹೇಳಿದೆ. ಶೆಡ್ಡಿನವರ ದನಿಯಲ್ಲೂ ಹೇಳಿದೆ.

"ನಿಂದೇ ಸ್ವರದಗೆ ಹೇಳ್ ಕಾಂಬ," ಎಂದರು ಅಪ್ಪ.

ನನ್ನದೇ ದನಿಯನ್ನು ಎಲ್ಲಿಟ್ಟಿದ್ದೆನೆಂದು ಹುಡುಕಬೇಕಾಯಿತು. ಹೊರಬಂದದ್ದು ತೆಳ್ಳಗೆ, ಸ್ವಲ್ಪ ಒಡಕು. "ಅಪ್ಪ, ಅಕ್ಕನಿಗೆ ಜಾಗ ಸಿಕ್ತು."

ಆಚೆ ಕಡೆಯಿಂದ, ಕೌಂಟರಿನ ಆ ಮರದ ತುಂಡಿನ ಮೇಲೆ ಗೆಣ್ಣು ಬಡಿದ ಹಾಗೆ, ಟಕ್ ಟಕ್.

"ಮರ ಅಡ್ಡಿಲ್ಲ," ಎಂದರು ಅಪ್ಪ.