ಮಸ್ಕತ್ತಿನಲ್ಲಿ ಈರುಳ್ಳಿ ಏನ್ ರೇಟು

ಆರ್.ಟಿ. ನಗರದ ನಮ್ಮ ಮನೆಯ ತಿರುವಿನಲ್ಲಿ ಈಚೆಗೆ ಒಂದು ಗ್ರಿಲ್ ಚಿಕನ್ ಅಂಗಡಿ ಶುರುವಾಗಿದೆ. ಸಂಜೆಯಾದರೆ ಬೈಕುಗಳೆಲ್ಲ ಫುಟ್‌ಪಾತ್ ಹತ್ತಿ ನಿಂತಿರುತ್ತವೆ. ನಡೆಯುವವರು ರಸ್ತೆಗಿಳಿದು ಬೈದುಕೊಂಡು ಹೋಗಬೇಕು. ಹೋದ ವಾರ ನಾನೂ ಹಾಗೇ ಬೈದುಕೊಂಡು ಇಳಿದೆ. ಅಷ್ಟರಲ್ಲಿ ಅಂಗಡಿಯವನು ಕುಬೂಸಿನ ಪ್ಲಾಸ್ಟಿಕ್ ಕವರು ಬಿಚ್ಚಿದ. ಕುಬೂಸ್ ಅಂದರೆ ಅರಬ್ ದೇಶಗಳ ರೊಟ್ಟಿ. ದುಂಡಗೆ, ತೆಳ್ಳಗೆ, ಎಣ್ಣೆ ತುಪ್ಪದ ಸೋಂಕಿಲ್ಲದ್ದು. ಆ ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಆಟೋದವನು ಹಾರ್ನ್ ಹೊಡೆದ. ನನಗೆ ನೆನಪಾದದ್ದು ಮಸ್ಕತ್ ಅಲ್ಲ, ಅಬ್ಬಿಗೆರೆಯ ನಮ್ಮ ಓನರ್ ಆಂಟಿ.

ಮದುವೆಗೆ ಮುಂಚೆ ಏಳೆಂಟು ವರ್ಷ ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಪೀಣ್ಯದಲ್ಲಿ ನೀರಿನ ಪಂಪುಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಸೇಲ್ಸ್ ಕೆಲಸ. ಗಿರಾಕಿಗಳು ಹೆಚ್ಚಿನವರು ಮಸ್ಕತ್ತಿನವರು. ವರ್ಷಕ್ಕೆ ಮೂರು ನಾಲ್ಕು ಸಲ ಹೋಗಿಬರಬೇಕಿತ್ತು. ಕೆಳಗಿನ ಮನೆಯಲ್ಲಿ ಆಂಟಿ ಮತ್ತು ಅವರ ಮಗಳು. ಅಬ್ಬಿಗೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇದ್ದ ಮನೆತನ ಅದು. ಹೊಲಗಳೆಲ್ಲ ಸೈಟುಗಳಾಗಿ ಕೈಬಿಟ್ಟು ಹೋಗಿದ್ದವು. ಉಳಿದದ್ದು ಈ ಕಟ್ಟಡ, ಎರಡು ಹಸು. ಹಸುಗಳನ್ನು ಕಾರ್ ಪಾರ್ಕಿಂಗ್ ಜಾಗದಲ್ಲಿ ಕಟ್ಟುತ್ತಿದ್ದರು, ನನ್ನ ಸ್ಕೂಟಿ ಬೀದಿಯಲ್ಲಿ ನೆನೆಯುತ್ತಿತ್ತು. ಕೇಳಿದರೆ, ಅದಕ್ಕೇನು ಶೀತ ಆಗುತ್ತದಾ ಎಂದು ನನ್ನನ್ನೇ ಕೇಳುತ್ತಿದ್ದರು.

ಫಾರಿನ್‌ಗೆ ಹೋಗಿಬಂದವರಿಗೆ ಒಂದು ಗತ್ತು ಬರುತ್ತದೆ. ನನಗೂ ಬಂದಿತ್ತು. ಮೊದಲ ಸಲ ಹೋಗಿ ಬಂದಾಗ ಕಣ್ಣು ಕುಕ್ಕುವ ಮಾಲುಗಳು, ಉಗುಳು ಬೀಳದ ರಸ್ತೆಗಳು, ಎಲ್ಲ ವರ್ಣಿಸೋಣವೆಂದು ಸೂಟ್‌ಕೇಸ್ ಸಮೇತ ಅವರ ಮೆಟ್ಟಿಲ ಮೇಲೆ ಕೂತೆ. ಆಂಟಿ ಹಸುವಿಗೆ ಬೂಸಾ ಕಲೆಸುತ್ತಾ ಎಲ್ಲ ಕೇಳಿಸಿಕೊಂಡರು. ಆಮೇಲೆ ಅಲ್ಲಿ ಈರುಳ್ಳಿ ಏನು ರೇಟು ಅಂದರು. ನನಗೆ ಗೊತ್ತಿರಲಿಲ್ಲ. ಒಂದು ಟೀ? ಹೋಟೆಲಿನ ಕಾಫಿಯ ಬಿಲ್ಲು ಕಂಪನಿ ಕಟ್ಟಿತ್ತು, ನಾನು ನೋಡಿರಲಿಲ್ಲ. ಕಟಿಂಗಿಗೆ ಎಷ್ಟು? ನಾನು ಹೆಂಗಸು, ಗಂಡಸರ ಕಟಿಂಗ್ ಕಟ್ಟಿಕೊಂಡು ನನಗೇನಾಗಬೇಕು... ನನ್ನ ಗತ್ತು ಅಲ್ಲಿಗೆ ಇಳಿಯಿತು. ಮುಂದಿನ ಸಲ ಸರಿಯಾಗಿ ತಿಳಿದುಕೊಂಡು ಬಾ ಎಂದು ಬಕೆಟ್ ಎತ್ತಿಕೊಂಡು ಎದ್ದರು.

ಚಿನ್ನದ ರೇಟು ಕೇಳಿದ್ದರೆ ಅರ್ಥವಾಗುತ್ತಿತ್ತು. ನಮ್ಮ ಬೀದಿಯವರೆಲ್ಲ ಅದನ್ನೇ ಕೇಳುತ್ತಿದ್ದರು. ಆಂಟಿ ಒಂದು ಸಲವೂ ಕೇಳಲಿಲ್ಲ. ಅವರಿಗೆ ಬೇಕಿದ್ದದ್ದು ಅಕ್ಕಿ, ಸೋಪು, ಜ್ವರದ ಮಾತ್ರೆ, ರೂಮಿನ ಬಾಡಿಗೆ, ಚಪ್ಪಲಿ ಹೊಲಿಸುವ ಕೂಲಿ. ಗುರುತಿಲ್ಲದವರಿಗೆ ಅಂಗಡಿಯಲ್ಲಿ ಸಾಲ ಕೊಡುತ್ತಾರಾ ಎಂದೂ ಕೇಳಿದ್ದುಂಟು. ಜುಗ್ಗತನ ಜಾಸ್ತಿ, ಬೇರೆ ದೇಶದ ಖರ್ಚೂ ಇವರಿಗೇ ಬೇಕು ಎಂದು ನಾನು ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದೆ.

ವಿಷಯ ತಿಳಿದದ್ದು ಅವರ ಮಗಳಿಂದ. ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತಾ ಹೇಳಿದಳು. ಅವಳು ಚಿಕ್ಕವಳಿದ್ದಾಗ ಅಪ್ಪ ಗಾರೆ ಕೆಲಸಕ್ಕೆ ಮಸ್ಕತ್ತಿಗೆ ಹೋದರು. ಆಗ ಇಲ್ಲಿ ಶೀಟಿನ ಮನೆ. ಮೊದಮೊದಲು ದುಡ್ಡು ಬಂತು, ಫೋನೂ ಬಂತು. ಆ ದುಡ್ಡಿನಲ್ಲೇ ಕೆಳಗಿನ ಮನೆ ಎದ್ದಿತು. ಆಮೇಲೆ ಫೋನು ನಿಂತಿತು. ಕಳಿಸಿದ ಏಜೆಂಟನ್ನು ಹಿಡಿದು ಕೇಳಿದರೆ, ಆ ಕೆಲಸ ಬಿಟ್ಟು ಎಲ್ಲಿಗೋ ಹೋದ, ಗೊತ್ತಿಲ್ಲ ಎಂದನಂತೆ. ಅಷ್ಟೇ. ಬದುಕಿದ್ದಾರೆ ಎನ್ನುವುದಕ್ಕೂ ಏನೂ ಇಲ್ಲ, ಸತ್ತಿದ್ದಾರೆ ಎನ್ನುವುದಕ್ಕೂ ಏನೂ ಇಲ್ಲ. ನಾನು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುತ್ತಾ ನಿಂತಿದ್ದೆ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ನಾನು ಅಬ್ಬಿಗೆರೆಯಲ್ಲೇ ಇದ್ದೆ. ಅವರ ಕಡೆ ಅದು ಹಿರಿಯರ ಹಬ್ಬ. ತೀರಿಕೊಂಡವರ ಫೋಟೋ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ ಎಡೆ ಇಡುತ್ತಾರೆ. ಕೋಳಿ ಸಾರು, ವಡೆ, ಕಜ್ಜಾಯ, ಸೇದುವವರಾಗಿದ್ದರೆ ಬೀಡಿ. ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರುತ್ತಾರೆ. ಹಿರಿಯರು ಬಂದು ಉಂಡು ಹೋಗಲು ಅಷ್ಟು ಹೊತ್ತು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಪಕ್ಕದ ಮನೆಯಲ್ಲೇ ಆಂಟಿಯ ಭಾವ, ಯಜಮಾನರ ಅಣ್ಣ, ಇದ್ದರು. ಈ ವರ್ಷವಾದರೂ ತಮ್ಮನಿಗೆ ಒಂದು ಎಲೆ ಹಾಕು, ಹಸಿದುಕೊಂಡು ಎಲ್ಲಿ ಅಲೆಯುತ್ತಿದ್ದಾನೋ ಎಂದು ಅವರು ಪ್ರತಿ ವರ್ಷದಂತೆ ಅಂದೂ ಶುರುಮಾಡಿದರು. ಆಂಟಿ ದನಿ ಏರಿಸಲಿಲ್ಲ.

"ಉಣ್ತಾ ಇರೋ ಮನ್ಸಂಗೆ ಯಾರಾದ್ರೂ ಎಡೆ ಇಕ್ತಾರಾ ಭಾವ?" ಅಂದರು.

ಮಾವನಿಗೆ, ಅತ್ತೆಗೆ ಮಾತ್ರ ಎಲೆ ಬಿತ್ತು. ನನಗೆ ಈರುಳ್ಳಿ ರೇಟಿನ ಅರ್ಥ ಆಗ ಹೊಳೆಯಿತು. ಅಲ್ಲಿ ಒಬ್ಬ ಗಾರೆಯವನು ಕೈಯಲ್ಲಿ ಕಾಗದ ಪತ್ರ ಇಲ್ಲದೆಯೂ ಉಂಡುಕೊಂಡು ಇರಬಹುದೇ ಎನ್ನುವುದನ್ನು ಅವರು ನನ್ನ ಬಾಯಿಂದ ಕೇಳಿ ಕೇಳಿ ಲೆಕ್ಕ ಹಾಕುತ್ತಿದ್ದರು. ಇರಬಹುದು ಎನ್ನುವವರೆಗೆ ಎಡೆಯಿಲ್ಲ.

ಆಮೇಲಿನ ನನ್ನ ಮಸ್ಕತ್ ಬೇರೆಯಾಯಿತು. ಮೀಟಿಂಗ್ ಮುಗಿದ ಮೇಲೆ ಹೋಟೆಲಿನ ಏಸಿ ಬಿಟ್ಟು ಹಳೇ ಪೇಟೆಯ ಹಿಂದಿನ ಓಣಿಗಳಿಗೆ ಹೋಗತೊಡಗಿದೆ. ಹೊರಗೆ ಕಾಲಿಟ್ಟರೆ ಒಲೆಯ ಮುಂದೆ ನಿಂತಷ್ಟು ಶಾಖ. ಹೋಟೆಲಿನ ಒಂದು ಕಾಫಿಯ ದುಡ್ಡಿನಲ್ಲಿ ಆ ಓಣಿಯಲ್ಲಿ ಒಬ್ಬ ಮನುಷ್ಯ ಒಂದು ದಿನ ಊಟ ಮುಗಿಸಬಹುದು ಎಂದು ನನಗೆ ತಿಳಿದದ್ದು ಹಾಗೆ. ಕುಬೂಸ್ ಅಗ್ಗ, ಟೀ ಅಗ್ಗ. ರೂಮು ತುಟ್ಟಿ, ಅದಕ್ಕೇ ಒಂದೇ ರೂಮಿನಲ್ಲಿ ಮಂಚದ ಮೇಲೆ ಮಂಚ ಹಾಕಿ ಮಂಚಕ್ಕಿಷ್ಟು ಎಂದು ಬಾಡಿಗೆ. ಡಾಕ್ಟರು ಬಲು ತುಟ್ಟಿ. ಶುಕ್ರವಾರ ರಜೆಯ ದಿನ ಕೂಲಿಯವರೆಲ್ಲ ಸರ್ಕಲ್ಲಿನ ಹುಲ್ಲಿನ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ಕೆಲವರು ಮಾತ್ರ ಫೋನಿಲ್ಲದೆ ಸುಮ್ಮನೆ ಕೂತಿರುತ್ತಿದ್ದರು. ಹೆಗಲ ಮೇಲೆ ಟವಲು ಹಾಕಿಕೊಂಡ, ತಲೆ ನೆರೆತ ಗಂಡಸು ಕಂಡರೆ ನಿಂತು ನೋಡುತ್ತಿದ್ದೆ. ಮೆತ್ತಗೆ ಹತ್ತಿರ ಹೋಗಿ, ಫೋನಿನಲ್ಲಿ ಮಾತಾಡುವವಳಂತೆ ಜೋರಾಗಿ ಕನ್ನಡ ಮಾತಾಡುತ್ತಿದ್ದೆ. ಯಾರೂ ತಿರುಗಿ ನೋಡುತ್ತಿರಲಿಲ್ಲ. ಒಬ್ಬರು ಒಂದು ಸಲ ನೋಡಿದರು... ನೋಡಿ, ಎದ್ದು ಹೊರಟುಹೋದರು. ಅದನ್ನು ನಾನು ಆಂಟಿಗೆ ಹೇಳಲಿಲ್ಲ. ಇವತ್ತಿಗೂ ಅವರ ನಡಿಗೆ ನನ್ನ ಕಣ್ಣ ಮುಂದಿದೆ.

ಮಗಳಿಗೆ ಅಪ್ಪನದು ಮಸುಕು ನೆನಪು, ಆಂಟಿ ನನಗೆ ಯಜಮಾನರ ಫೋಟೋ ತೋರಿಸಿಯೇ ಇರಲಿಲ್ಲ. ಒಂದು ದಿನ ನಾನೇ ಕೇಳಿದೆ. ಒಂದು ಫೋಟೋ ಕೊಡಿ ಆಂಟಿ, ಅಲ್ಲಿ ನಮ್ಮ ಕಡೆಯವರು ಬೇಕಾದಷ್ಟಿದ್ದಾರೆ, ವಿಚಾರಿಸುತ್ತೇನೆ ಎಂದೆ. ಅವರು ತಲೆಯಾಡಿಸಿಬಿಟ್ಟರು.

"ಉಡುಕ್ಬೇಡ ಕಣಮ್ಮ. ಸಿಕ್ಲಿಲ್ಲ ಅಂತ ಬಂದು ನನ್ ಮುಂದೆ ನಿಂತ್ಕಬೇಕಾಯ್ತದೆ ನೀನು. ರೇಟ್ ತಿಳ್ಕಂಡ್ ಬಾ, ಸಾಕು."

ಹೀಗೆ ಎಷ್ಟೋ ವರ್ಷ ನಡೆಯಿತು. ನಾನು ಬೆಲೆಗಳನ್ನು ತರುತ್ತಿದ್ದೆ, ಅವರು ಕೇಳಿ, ಹೂಂ, ಬದುಕ್ಬಹುದು ಅನ್ನುತ್ತಿದ್ದರು. ಆ 'ಬದುಕ್ಬಹುದು' ಕೇಳಿದರೆ ನನಗೂ ನೆಮ್ಮದಿ. ಒಂದು ಸಲ ಮಾತ್ರ ಬೆಲೆ ಕೇಳದೆ ಬೇರೆಯದನ್ನು ಕೇಳಿದರು. ಅಲ್ಲಿ ಎಷ್ಟು ವಯಸ್ಸಿನವರೆಗೆ ಕೆಲಸ ಕೊಡುತ್ತಾರೆ? ಗಿರಾಕಿಯ ಕಂಪನಿಯ ಡ್ರೈವರ್ ಹೇಳಿದ್ದನ್ನು ಹಾಗೇ ಹೇಳಿದೆ. ಅರವತ್ತರ ಮೇಲೆ ಕೂಲಿಯವರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ಊರಿಗೆ ಹೊರಡು ಅನ್ನುತ್ತಾರೆ. ಆಂಟಿ ಬೆರಳು ಮಡಚಿ ಎಣಿಸಿದರು. ಯುಗಾದಿಗೆ ಯಜಮಾನರಿಗೆ ಅರವತ್ತು ತುಂಬಿತು ಎಂದರು. ಕಳಿಸಿದ್ದರೆ ಬರಬೇಕಿತ್ತಲ್ಲ ಎಂದು ಅವರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಮುಂದಿನ ಸಲ ಹೊರಟಾಗ ಗೇಟಿನ ತನಕ ಬಂದರು. ಬರುವಾಗ ಅಲ್ಲಿ ಕೂಲಿಯವರು ತಿನ್ನುವ ರೊಟ್ಟಿ ತಂದುಕೊಡು, ದೊಡ್ಡ ಅಂಗಡಿಯದು ಬೇಡ, ಅವರು ತಿನ್ನುವುದೇ ಆಗಬೇಕು ಎಂದರು. ಪರವಾಗಿಲ್ಲ, ಆಂಟಿಗೂ ಫಾರಿನ್ ರುಚಿ ನೋಡುವ ಆಸೆ ಬಂತು ಎಂದು ನಾನು ಖುಷಿಯಿಂದಲೇ ಹೋದೆ. ವಾಪಸು ಬರುವ ದಿನ ಬೆಳಿಗ್ಗೆ ಓಣಿಯ ಬೇಕರಿಯಲ್ಲಿ ಒಂದು ಕವರು ಕುಬೂಸ್ ಕಟ್ಟಿಸಿಕೊಂಡೆ. ಹೆಬ್ಬಾಳದ ಜಾಮಿನಲ್ಲಿ ಕೂತಾಗಲೂ ಅದು ತೊಡೆಯ ಮೇಲೇ ಇತ್ತು.

ಮಾರನೆಯ ದಿನ ಮಹಾಲಯ ಅಮಾವಾಸ್ಯೆ ಎನ್ನುವುದು ನನಗೆ ನೆನಪೇ ಇರಲಿಲ್ಲ. ಸಂಜೆ ಮಗಳು ಬಂದು ಕರೆದಳು. ಕೆಳಗೆ ಹೋದರೆ ಮೂರು ಎಲೆ. ಮೂರನೆಯ ಎಲೆಯ ಹಿಂದೆ, ನಾನು ಅಷ್ಟು ವರ್ಷ ನೋಡದ ಫೋಟೋ. ತೆಳು ಮೀಸೆಯ ಹುಡುಗ ಮುಖದ ಗಂಡಸು. ಎಲೆಯ ತುದಿಗೆ ಹೊಸ ಪಂಚೆ, ಬೀಡಿ ಕಟ್ಟು. ಕೋಳಿ ಸಾರಿನ ಪಕ್ಕದಲ್ಲಿ, ನಾನು ಮಸ್ಕತ್ತಿನಿಂದ ತಂದ ಕುಬೂಸ್. ಇಷ್ಟು ವರ್ಷ ಇದನ್ನೇ ತಿಂದು ಅಭ್ಯಾಸ ಆಗಿರುತ್ತದೆ, ಮುದ್ದೆ ಮರೆತುಹೋಗಿದ್ದರೆ ಎಂದು ಆಂಟಿ ಮಗಳಿಗೆ ಹೇಳುತ್ತಿದ್ದರು.

ಧೂಪ ಹಾಕಿ ಎಲ್ಲರೂ ಹೊರಗೆ ಬಂದೆವು. ಭಾವ ಬಾಗಿಲು ಎಳೆದುಕೊಳ್ಳಲು ಹೋದರು. ಆಂಟಿ ಅವರ ಕೈ ಹಿಡಿದು ತಡೆದರು.

"ಮುಚ್ಬೇಡಿ. ಅವ್ರು ಓದಾಗ ಈ ಮನೆ ಇರ್ಲಿಲ್ಲ. ಮುಚ್ಚಿದ್ರೆ ಯಾರ್ದೋ ಮನೆ ಅನ್ಕಂಡು ಓಗ್ಬಿಡ್ತಾರೆ."

ಎಲ್ಲರ ಮನೆಯಲ್ಲೂ ಬಾಗಿಲು ಮುಚ್ಚಿದ್ದ ಆ ಹೊತ್ತಿನಲ್ಲಿ ನಮ್ಮದೊಂದು ಮನೆ ತೆರೆದಿತ್ತು. ನಾವು ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದೆವು. ಬೀದಿಯಲ್ಲಿ ಯಾವುದೋ ಡೆಲಿವರಿ ಹುಡುಗ ವಿಳಾಸ ಹುಡುಕುತ್ತಿದ್ದ, ಅವನೂ ಹೋದ. ಹಸುಗಳು ಮೆಲುಕು ಹಾಕುವುದನ್ನು ನಿಲ್ಲಿಸಿದ್ದವೋ, ನನಗೇ ಹಾಗನ್ನಿಸಿತೋ... ಇದ್ದಕ್ಕಿದ್ದಂತೆ ಆಂಟಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಚಾಚಿದ್ದ ಕಾಲನ್ನು ಮಡಚಿ, ಮೆಟ್ಟಿಲಿನಲ್ಲಿ ದಾರಿ ಬಿಟ್ಟು ಪಕ್ಕಕ್ಕೆ ಸರಿದು ಕೂತರು. ಯಾರೋ ಹತ್ತಿ ಹೋಗುವವರೆಗೆ ಕಾದವರಂತೆ ಕಾದು, ಮತ್ತೆ ಕಾಲು ಚಾಚಿದರು. ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎಡೆ ಇಟ್ಟರಲ್ಲ, ಇನ್ನು ಕುಂಕುಮ ಅಳಿಸುತ್ತಾರೆ, ತಾಳಿ ತೆಗೆಯುತ್ತಾರೆ ಎಂದು ನೆಂಟರು ಕಾದರು. ಆಂಟಿ ಯಾವುದನ್ನೂ ತೆಗೆಯಲಿಲ್ಲ. ಎರಡರಲ್ಲಿ ಒಂದು ಮಾಡು ಎಂದು ಭಾವ ರೇಗಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಮುಂದಿನ ಸಲ ಮಸ್ಕತ್ತಿನಿಂದ ಬಂದಾಗ ಅವರು ಏನೂ ಕೇಳಲಿಲ್ಲ. ನಾನೇ ತಡೆಯಲಾರದೆ, ಅಲ್ಲಿ ಟೀ ತುಟ್ಟಿಯಾಗಿದೆ ಆಂಟಿ ಎಂದೆ. ಅವರು ನಕ್ಕರು. "ಆ ಊರಿಂದು ಯಾಕಮ್ಮ ಇನ್ನ? ಅವ್ರೀಗ ಇಲ್ಲೇ ಅವ್ರೆ." ಅಷ್ಟು ನಿರಾಳವಾಗಿ ಅವರು ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನಗೆ ಭಯವಾಯಿತು.

ಆಮೇಲೆ ಸಂಜೆ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುವಾಗ ಒಳಗಿನಿಂದ ಅವರ ಮಾತು ಕೇಳಿಸುತ್ತಿತ್ತು. ಮಗಳು ಕೆಲಸದಿಂದ ಇನ್ನೂ ಬಂದಿರುತ್ತಿರಲಿಲ್ಲ. ಟೊಮೇಟೊ ಕೆಜಿಗೆ ಎಷ್ಟಾಗಿದೆ, ಹಾಲಿಗೆ ಡೈರಿಯವರು ಎಷ್ಟು ಕೊಡುತ್ತಾರೆ, ದಾಸರಹಳ್ಳಿ ಕಡೆ ಒಂದು ಸೈಟು ಎಲ್ಲಿಗೆ ಹೋಗಿ ಮುಟ್ಟಿದೆ... ಬಹಳ ವರ್ಷ ಊರು ಬಿಟ್ಟಿದ್ದವರಿಗೆ ಹೇಳುವ ಹಾಗೆ ಒಂದೊಂದಾಗಿ, ನಿಧಾನವಾಗಿ ಹೇಳುತ್ತಿದ್ದರು. ನಡುನಡುವೆ, ಎದುರಿನವರು ಆಶ್ಚರ್ಯಪಡಲೆಂದು ನಿಲ್ಲಿಸುತ್ತಿದ್ದರು. ಒಂದು ದಿನ ಕೇಳಿಸಿದ್ದು ಇದು: "ಯಶವಂತಪುರದ ಬಸ್ಸು ಎಂಗುಸ್ರಿಗೆ ಬಿಟ್ಟಿ ಕಣ್ರೀ ಈಗ. ನಿಮ್ಗೆ ಮಾತ್ರ ಟಿಕೇಟು." ನನಗೆ ನಗು ಬಂತು. ಲೈಟು ಹಾಕದೆ ಮೇಲೆ ಹೋಗಿ ಕೂತೆ.

ನಾನು ಮದುವೆಯಾಗಿ ಆರ್.ಟಿ. ನಗರಕ್ಕೆ ಬಂದೆ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಹಾಲು ಕರೆದು ಒಳಗೆ ಬಂದ ಆಂಟಿ, ಎದೆ ನೋವು ಎಂದು ಮಲಗಿದವರು ಏಳಲಿಲ್ಲ. ನಾನಾಗ ಮಸ್ಕತ್ತಿನಲ್ಲಿದ್ದೆ. ಮುಖ ನೋಡಲು ಸಿಗಲಿಲ್ಲ.

ಮೊನ್ನೆ ಅಮಾವಾಸ್ಯೆಗೆ ಮಗಳು ಫೋನ್ ಮಾಡಿ ಕರೆದಳು. ಈಗ ಅವಳು ಗಂಡನ ಜೊತೆ ಅದೇ ಮನೆಯಲ್ಲಿದ್ದಾಳೆ. ಆಂಟಿಗೆ ಅದು ಮೊದಲ ಎಡೆ. ಅವರ ಎಲೆ, ಯಜಮಾನರ ಎಲೆ, ಪಕ್ಕಪಕ್ಕದಲ್ಲಿ. ಫೋಟೋದಲ್ಲಿ ಯಜಮಾನರು ಇನ್ನೂ ಹುಡುಗ, ಆಂಟಿ ಮುದುಕಿ. ತಾಯಿ ಮಗನ ಹಾಗೆ ಕಾಣುತ್ತಿದ್ದರು. ಧೂಪ ಹಾಕಿದ ಮೇಲೆ ಅವಳು ಬಾಗಿಲ ಹತ್ತಿರ ಒಂದು ಗಳಿಗೆ ನಿಂತಳು, ಆಮೇಲೆ ಎಳೆದುಕೊಂಡು ಬಂದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು.

ಬಹಳ ಹೊತ್ತಾಯಿತು. ಅಕ್ಕಪಕ್ಕದ ಮನೆಗಳಲ್ಲಿ ಬಾಗಿಲು ತಟ್ಟಿ ಒಳಗೆ ಹೋದ ಸದ್ದು ಕೇಳಿಸಿತು. ಅವಳೂ ತಟ್ಟಲೆಂದು ಎದ್ದಳು. ನಾನು ಅವಳ ಸೆರಗು ಹಿಡಿದು ಕೂರಿಸಿದೆ.

"ಇರು, ಇನ್ನೂ ಸ್ವಲ್ಪ ಹೊತ್ತು ಇರ್ಲಿ. ಎಷ್ಟೋ ವರ್ಷದ ಮೇಲೆ ಇಬ್ರೂ ಜೊತೆಗೆ ಕೂತಿದಾರೆ, ಮಾತಾಡ್ಕೊಳ್ಲಿ."

ಅವಳು ಮತ್ತೆ ಕೂತು ನನ್ನ ಹೆಗಲಿಗೆ ತಲೆಯಿಟ್ಟಳು. ನಾನು ಕಿವಿಗೊಟ್ಟು ಕೇಳಿದೆ. ಒಳಗಿನಿಂದ ಯಾವ ಸದ್ದೂ ಇರಲಿಲ್ಲ. ಟೊಮೇಟೊ ರೇಟು ಹೇಳುತ್ತಿದ್ದ ಆ ದನಿಯಿಲ್ಲ, ಆಂಟಿ ಇಲ್ಲ.